ಎರಡನೇ ಪ್ರತಿವಾದಿ ನಾನಲ್ಲ

ಗಂಟೆ ಹತ್ತೂವರೆ ಆಗಿರಬೇಕು. ಅಂಗಡಿಯಲ್ಲಿ ಒಬ್ಬರ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುತ್ತಿದ್ದೆ. ಮನೆಯಿಂದ ಫೋನ್ ಬಂತು.

"ಅಮೀನರು ಬಂದಿದ್ರು. ಒಂದು ಕಾಗದ ಕೊಟ್ಟು, ಸಹಿ ತಗೊಂಡು ಹೋದ್ರು."

"ಯಾವ ಅಮೀನರು? ಮಟ್ಟುವಿನವರಾ?"

ನಮ್ಮ ಕಡೆ ಅಮೀನ್ ಅಂದರೆ ಮೊದಲು ನೆನಪಾಗುವುದು ಸರ್‌ನೇಮ್. ಮದುವೆ ಕಾಗದ ಕೊಡಲಿಕ್ಕೆ ಯಾರೋ ಅಮೀನ್ ಬಂದಿರಬೇಕು ಅಂದುಕೊಂಡೆ. ಹೆಂಡತಿ ಸ್ವಲ್ಪ ಸುಮ್ಮನಿದ್ದು, "ಅವರಲ್ಲ, ಕೋರ್ಟಿನ ಅಮೀನರು" ಅಂದಳು.

ಅದು 2025ರ ಜನವರಿ 9, ಗುರುವಾರ. ನಮ್ಮದು ಕಟಪಾಡಿ ಹತ್ತಿರ. ಹಿತ್ತಿಲಲ್ಲಿ ನಲವತ್ತು ಮಲ್ಲಿಗೆ ಗಿಡ ಉಂಟು. ಅವಳು ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಿದ್ದಳಂತೆ. ನಾಲ್ಕು ಚೆಂಡು ಆದರೆ ಒಂದು ಅಟ್ಟೆ. ಮೂರನೇ ಚೆಂಡು ಅರ್ಧ ಆಗಿತ್ತು. ಕೈ ಒದ್ದೆ ಇತ್ತು, ಅದೇ ಕೈಯಲ್ಲಿ ಸಹಿ ಹಾಕಿದಳು. ಮಧ್ಯಾಹ್ನ ನಾನು ಮನೆಗೆ ಬಂದು ನೋಡಿದರೆ ಸಮನ್ಸಿನ ಒಂದು ಮೂಲೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ನೀರಿನ ಕಲೆ. ಮಲ್ಲಿಗೆಯ ವಾಸನೆಯೂ ಇತ್ತು. ಕೋರ್ಟಿನ ಕಾಗದಕ್ಕೆ ಇಂಥ ಪರಿಮಳ ಬಹುಶಃ ಮಲ್ಲಿಗೆಗೆ ಹೆಸರಾದ ನಮ್ಮ ಶಂಕರಪುರದ ಸುತ್ತ ಮಾತ್ರ ಬರಲಿಕ್ಕೆ ಸಾಧ್ಯ.

ಕಾಗದದಲ್ಲಿ ಇದ್ದದ್ದು ಇಷ್ಟು. ಒಂದು ಖಾಸಗಿ ಫೈನಾನ್ಸ್ ಉಡುಪಿ ಕೋರ್ಟಿನಲ್ಲಿ ಹಣ ವಸೂಲಿಗೆ ದಾವೆ ಹಾಕಿದೆ. ಒಂದನೇ ಪ್ರತಿವಾದಿ ಸಾಲ ತೆಗೆದವನು, ಮೀನಿನ ಟೆಂಪೊಗೆ. ಎರಡನೇ ಪ್ರತಿವಾದಿ ಜಾಮೀನು ನಿಂತವನು. ಬಾಕಿ 2,74,600 ರೂಪಾಯಿ. ಅದರ ಮೇಲೆ ನೂರಕ್ಕೆ ಹದಿನೆಂಟು ಬಡ್ಡಿ, ಮತ್ತೆ ದಾವೆಯ ಖರ್ಚು. ಎರಡನೇ ಪ್ರತಿವಾದಿಯ ಹೆಸರು ನನ್ನ ಹೆಸರು. ವಿಳಾಸ ನನ್ನ ಮನೆಯದ್ದು.

ನಾನು ಜೀವನದಲ್ಲಿ ಯಾರಿಗೂ ಜಾಮೀನು ನಿಂತವನಲ್ಲ. ನನ್ನ ಸ್ವಂತ ಭಾವನಿಗೇ ನಿಲ್ಲಲಿಲ್ಲ ಅಂತ ಅವನು ಎರಡು ವರ್ಷ ಮಾತು ಬಿಟ್ಟಿದ್ದ.

ಫೈನಾನ್ಸಿನ ಹೆಸರು ಇಲ್ಲಿ ಬರೆಯುವುದಿಲ್ಲ. ನನ್ನ ಹೆಸರೂ ಬರೆಯುವುದಿಲ್ಲ, ಅದಕ್ಕೆ ಕಾರಣ ಬೇರೆ. ಬರೆದರೆ ಇದನ್ನು ಓದುವ ನಾಲ್ಕು ಜನರಾದರೂ "ಇದು ನನ್ನ ಬಗ್ಗೆಯಾ?" ಅಂತ ಕೇಳಬಹುದು. ಮುಂದೆ ಒಂದು ದೇವರ ಹೆಸರು, ಹಿಂದೆ ಒಂದು ಜಾತಿಯ ಹೆಸರು. ಉಡುಪಿ ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಗಿದರೆ ಮೂರು ಜನ ತಿರುಗಿ ನೋಡುವಂಥ ಹೆಸರು. ಊರಲ್ಲಿ ಇದರಿಂದ ಏನೂ ತೊಂದರೆ ಇಲ್ಲ, ಯಾಕೆಂದರೆ ಊರಲ್ಲಿ ಯಾರೂ ಬರೀ ಹೆಸರು ಹೇಳುವುದಿಲ್ಲ. ಬೈಲುಮನೆಯವರು, ಗುಡ್ಡೆಮನೆಯವರು, ಬ್ಯಾಟರಿ ಅಂಗಡಿಯವರು ಅಂತಲೇ ಹೇಳುತ್ತಾರೆ. ತೊಂದರೆ ಶುರುವಾಗುವುದು ಹೆಸರು ಕಾಗದಕ್ಕೆ ಏರಿದ ಮೇಲೆ. ಕಾಗದದಲ್ಲಿ ಮನೆಯ ಹೆಸರಿಗೆ ಜಾಗ ಇರುವುದಿಲ್ಲ. ಇಂಥವರು, ಬಿನ್ ಇಂಥವರು, ಅಂದರೆ ಇಂಥವರ ಮಗ, ಅಷ್ಟೇ.

ಆ "ಬಿನ್" ನಂತರ ಇದ್ದದ್ದೇ ದೊಡ್ಡ ಕತೆ. ಅಪ್ಪ ನಿವೃತ್ತ ಮೇಷ್ಟ್ರು, 78 ವರ್ಷ. ಮನೆಗೆ ಏನೇ ಕಾಗದ ಬಂದರೂ ಮೊದಲು ಅವರೇ ಓದಬೇಕು, ಕರೆಂಟ್ ಬಿಲ್ಲಾದರೂ. ಕನ್ನಡಕ ಹಾಕಿ, ಸಮನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಾ ಹೋದವರು ಒಂದು ಕಡೆ ನಿಂತರು. ಬೆರಳಿಟ್ಟು ಮತ್ತೆ ಓದಿದರು. ನನ್ನ ಕಡೆ ತಿರುಗಿ ಹೇಳಿದರು:

"ನನ್ನನ್ನು ಕೊಂದೇ ಬಿಟ್ಟಿದ್ದಾರೆ ಮಗ."

ಬಿನ್ ದಿವಂಗತ ಅಂತ ಇತ್ತು. ಮುಂದೆ ಅಪ್ಪನ ಹೆಸರು, ಒಂದಕ್ಷರ ವ್ಯತ್ಯಾಸ ಇಲ್ಲದೆ.

ಹೆಂಡತಿಗೆ ನಗು ಬಂತು. ಅಮ್ಮನಿಗೆ ಬರಲಿಲ್ಲ. ಅವತ್ತು ಸಂಜೆ ದೇವರಿಗೆ ದೀಪ ಇಡುವಾಗ ಒಂದು ಹಿಡಿ ಅಕ್ಕಿ ಜಾಸ್ತಿ ತೆಗೆದಿಟ್ಟರು. ಅಪ್ಪ ಮಾತ್ರ ರಾತ್ರಿ ಊಟದವರೆಗೂ ಅದನ್ನೇ ಹೇಳುತ್ತಿದ್ದರು: "ಪ್ರತಿ ವರ್ಷ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ಬದುಕಿದ್ದೇನೆ ಅಂತ ಸಹಿ ಹಾಕಿ ಬರ್ತೇನೆ. ಪೆನ್ಷನ್ ಕೊಡುವವರಿಗೆ ಗೊತ್ತುಂಟು. ಇವರಿಗೆ ಗೊತ್ತಿಲ್ಲವಾ?"

ಮರುದಿನದಿಂದ ಸಲಹೆಗಳ ಸುರಿಮಳೆ. ಚಾ ಹೋಟೆಲಿನಲ್ಲಿ ಒಬ್ಬ ಹೇಳಿದ, "ಸುಮ್ನೆ ಬಿಡು ಮಾರಾಯ. ನೀನಲ್ಲ ಅಂದ ಮೇಲೆ ನೀನ್ಯಾಕೆ ಕೋರ್ಟಿಗೆ ಹೋಗ್ಬೇಕು? ಯಾರದ್ದೋ ಅವರು ಹೋಗ್ಲಿ." ಇನ್ನೊಬ್ಬರು ಹಿರಿಯರು, "ಮಾನನಷ್ಟದ ಕೇಸು ಹಾಕಿ, ಹತ್ತು ಲಕ್ಷ ಕೇಳಿ" ಅಂದರು. ಸಮನ್ಸ್ ತೆಗೆದುಕೊಳ್ಳಲೇಬಾರದಿತ್ತು ಅಂತ ಹೆಂಡತಿಗೆ ಬೈದವರೂ ಇದ್ದಾರೆ. ಪಾಪ, ಅವಳು ಎರಡು ದಿನ ಅದೇ ಕೊರಗಿನಲ್ಲಿದ್ದಳು.

ನಿಜ ಹೇಳುತ್ತೇನೆ, ಮೊದಲನೆಯವನ ಮಾತು ನನಗೆ ಸರಿ ಅನ್ನಿಸಿತ್ತು. ಪಕ್ಕದ ಮನೆಯ ಕೊರಿಯರ್ ನಮ್ಮ ಮನೆಗೆ ಬಂದರೆ ನಾವು ಅದಕ್ಕೆ ದುಡ್ಡು ಕಟ್ಟುತ್ತೇವಾ?

ಆದರೂ ಮನಸ್ಸು ಕೇಳಲಿಲ್ಲ. ಶನಿವಾರ ಆಧಾರ್ ಕಾರ್ಡ್ ಹಿಡಿದುಕೊಂಡು ಫೈನಾನ್ಸಿನ ಆಫೀಸಿಗೇ ಹೋದೆ. ಹತ್ತು ನಿಮಿಷದ ಕೆಲಸ, ಮುಖ ನೋಡಿದರೆ ಅವರಿಗೇ ಗೊತ್ತಾಗುತ್ತದೆ ಅಂತ ನನ್ನ ಲೆಕ್ಕ. ಕೌಂಟರಿನಲ್ಲಿದ್ದ ಹುಡುಗ ಆಧಾರ್ ನೋಡಿ, ಕಂಪ್ಯೂಟರ್ ನೋಡಿ, "ಹೆಸರು ಇದೇ ಅಲ್ವಾ ಸರ್? ತಂದೆಯ ಹೆಸರೂ ಇದೇ ಅಲ್ವಾ?" ಅಂದ. ಹೌದು. "ಮತ್ತೆ?"

ಆ "ಮತ್ತೆ?"ಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಒಳಗಿನಿಂದ ಒಬ್ಬರು ಬಂದರು. ತುಂಬ ಮರ್ಯಾದೆಯಿಂದ ಮಾತಾಡಿದರು. ಚಾ ತರಿಸಿದರು. ಕೋರ್ಟು ಕಚೇರಿ ಅಂತ ಅಲೆಯುವುದು ಯಾಕೆ, ಒಂದು ಇಪ್ಪತ್ತೈದು ಸಾವಿರ ಕಟ್ಟಿ, ಬಡ್ಡಿ ಬಿಡಿಸುವ ಅಂದರು. ನಾನು ಅವನಲ್ಲ ಅಂತ ಮತ್ತೆ ಹೇಳಿದೆ. ಹಾಗಾದರೆ ಒಂದು ಅರ್ಜಿ ಬರೆದುಕೊಡಿ ಅಂತ ಬಿಳಿ ಹಾಳೆ ಕೊಟ್ಟರು. "ನನ್ನ ಸಾಲದ ಖಾತೆಯ ಬಗ್ಗೆ" ಅಂತ ವಿಷಯ ಅವರೇ ಹೇಳಿಕೊಟ್ಟರು. ಪೆನ್ನು ಕೈಯಲ್ಲಿ ಹಿಡಿದಿದ್ದೆ. ಅಷ್ಟರಲ್ಲಿ ಅಂಗಡಿಯಿಂದ ಫೋನ್ ಬಂತು, ಒಬ್ಬರ ಯುಪಿಎಸ್ ಹೊಗೆ ಬರುತ್ತಾ ಉಂಟು ಅಂತ. ಎದ್ದು ಬಂದೆ. ಆ ಯುಪಿಎಸ್‌ನ ಯಜಮಾನರಿಗೆ ಇವತ್ತಿಗೂ ನಾನು ಸರ್ವಿಸ್ ಚಾರ್ಜ್ ತೆಗೆದುಕೊಳ್ಳುವುದಿಲ್ಲ.

ವಕೀಲರು ನನ್ನ ಹೈಸ್ಕೂಲ್ ದೋಸ್ತಿಯ ತಂಗಿ. ಫ್ರಾಕ್ ಹಾಕಿಕೊಂಡು ಗೇರುಹಣ್ಣು ಹೆಕ್ಕುತ್ತಿದ್ದ ಕಾಲದಿಂದ ನೋಡಿದ ಹುಡುಗಿ. ಈಗ ಕಪ್ಪು ಕೋಟು, ನಾನು ಮೇಡಂ ಅನ್ನುತ್ತೇನೆ. ಅವರು ಮಾತ್ರ ಅಣ್ಣ ಅಂತಲೇ ಕರೆಯುತ್ತಾರೆ. ಫೈನಾನ್ಸಿಗೆ ಹೋದ ಕತೆ ಹೇಳಿದ ಕೂಡಲೇ ಅವರು ಕೇಳಿದ ಮೊದಲ ಪ್ರಶ್ನೆ: "ಎಲ್ಲಾದರೂ ಸಹಿ ಹಾಕಿದ್ರಾ ಅಣ್ಣ?" ಇಲ್ಲ ಅಂದ ಮೇಲೆ ಕುರ್ಚಿಗೆ ಒರಗಿದರು. ಒಂದು ರೂಪಾಯಿ ಕಟ್ಟಿದರೂ, "ನನ್ನ ಖಾತೆ" ಅಂತ ಒಂದು ಸಾಲು ಬರೆದರೂ ಅದನ್ನೇ ಹಿಡಿದುಕೊಂಡು ಕೂರುತ್ತಾರೆ ಅಂತ ಬೈದರು. ಚೆನ್ನಾಗಿಯೇ ಬೈದರು.

ಆಮೇಲೆ ಚಾ ಹೋಟೆಲಿನ ವಾದಗಳನ್ನೆಲ್ಲ ಒಂದೊಂದಾಗಿ ಅವರ ಮುಂದಿಟ್ಟೆ.

ಸಮನ್ಸ್ ತೆಗೆದುಕೊಳ್ಳದೆ ಇದ್ದಿದ್ದರೆ? ಬಾಗಿಲಿಗೆ ಅಂಟಿಸಿ ಹೋಗುತ್ತಿದ್ದರು. ಸಿವಿಲ್ ಪ್ರಕ್ರಿಯಾ ಸಂಹಿತೆ ಅಂತ 1908ರ ಕಾಯ್ದೆ. ಅದರ 5ನೇ ಆದೇಶದಲ್ಲಿ (ಅದರಲ್ಲಿ ಅಧ್ಯಾಯಗಳಿಗೆ ಆದೇಶ ಅನ್ನುತ್ತಾರೆ) ಇದೆಲ್ಲ ಉಂಟು. ತೆಗೆದುಕೊಳ್ಳಲಿಕ್ಕೆ ಒಪ್ಪದಿದ್ದರೆ ಮನೆಯ ಹೊರಬಾಗಿಲಿಗೆ ಅಂಟಿಸಬಹುದು. ಮನೆಯವನು ಇಲ್ಲದಿದ್ದರೆ ಜೊತೆಗಿರುವ ದೊಡ್ಡವರು ಯಾರಾದರೂ ತೆಗೆದುಕೊಳ್ಳಬಹುದು, ಹೆಂಗಸರೂ ಆಗಬಹುದು. ಹಾಗಾಗಿ ಹೆಂಡತಿ ಮಾಡಿದ್ದು ತಪ್ಪಲ್ಲ. ಇದನ್ನು ಕೇಳಿದ ಮೇಲೆ ಅವಳ ಮುಖ ಸರಿಯಾಯಿತು. ಬೈದವರಿಗೆ ನಾನೇ ಹೋಗಿ ಹೇಳಿ ಬಂದೆ.

ಸುಮ್ಮನಿದ್ದರೆ? ಇಲ್ಲಿ ಮೇಡಂ ಸ್ವಲ್ಪ ಹೊತ್ತು ತೆಗೆದುಕೊಂಡರು. ವಾಯಿದೆಯ ದಿನ ಹೆಸರು ಕೂಗುತ್ತಾರೆ, ಯಾರೂ ಬರುವುದಿಲ್ಲ. ಎಕ್ಸ್‌ಪಾರ್ಟಿ, ಅಂದರೆ ಪ್ರತಿವಾದಿ ಗೈರುಹಾಜರು ಅಂತ ಬರೆಯುತ್ತಾರೆ. ಫೈನಾನ್ಸಿನವರು ಹೇಳಿದ್ದೇ ಸಾಕ್ಷಿ, ದುಡ್ಡು ಕೊಡಬೇಕು ಅಂತ ಡಿಕ್ರಿ ಆಗುತ್ತದೆ. ಆಮೇಲೆ ಅಮಲ್ಜಾರಿ, ಅಂದರೆ ಡಿಕ್ರಿಯನ್ನು ಜಾರಿ ಮಾಡುವುದು. ಆಗ ಬರುವುದು ಸಮನ್ಸ್ ಅಲ್ಲ, ಜಪ್ತಿ. ಜಾಮೀನು ಅಂದರೆ ಸಾಲಗಾರ ಕೊಡದಿದ್ದರೆ ನೋಡುವ ಅಂತಲ್ಲ; 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಸಾಲಗಾರನಿಗೆ ಎಷ್ಟು ಜವಾಬ್ದಾರಿಯೋ ಜಾಮೀನುದಾರನಿಗೂ ಅಷ್ಟೇ. ಟೆಂಪೊದವನ ಹತ್ತಿರ ಏನೂ ಇಲ್ಲದಿದ್ದರೆ ಸೀದಾ ಬ್ಯಾಟರಿ ಅಂಗಡಿಗೆ ಬರಬಹುದು. ಡಿಕ್ರಿ ಆದ ಮೇಲೂ ಅದನ್ನು ರದ್ದು ಮಾಡಿಸಲಿಕ್ಕೆ ದಾರಿ ಉಂಟು, ಅದಕ್ಕೆ ಇರುವುದು ಮೂವತ್ತು ದಿನ. ಸಮನ್ಸ್ ಸರಿಯಾಗಿ ಸಿಕ್ಕಿಲ್ಲದಿದ್ದರೆ ಡಿಕ್ರಿಯ ವಿಷಯ ಗೊತ್ತಾದ ದಿನದಿಂದ ಲೆಕ್ಕ. ನನಗಾದರೆ ಸಿಕ್ಕಿದೆ, ಮಲ್ಲಿಗೆಯ ಕಲೆಯ ಸಮೇತ.

"ಆದರೆ ನಾನು ಪ್ರತಿವಾದಿಯೇ ಅಲ್ಲ ಅಲ್ವಾ ಮೇಡಂ?"

"ಪ್ರತಿವಾದಿ ಅಲ್ಲ ಅಂತ ಹೇಳ್ಲಿಕ್ಕೂ ಪ್ರತಿವಾದಿಯಾಗಿಯೇ ಬರ್ಬೇಕು ಅಣ್ಣ."

ಈ ಮಾತು ಆ ರಾತ್ರಿ ನನ್ನ ನಿದ್ದೆ ಕೆಡಿಸಿತು.

ಮೇಡಂ ದಾವೆಯ ಪ್ರತಿಯನ್ನು ಓದುವ ರೀತಿ ನೋಡಬೇಕಿತ್ತು. ನಾವು ಮೊತ್ತ ನೋಡುತ್ತೇವೆ. ಅವರು ಮೊದಲು ನೋಡಿದ್ದು ಪಕ್ಷಗಾರರ ವಿವರ ಇರುವ ಮೊದಲ ಪುಟ. ಎಲ್ಲ ಟೈಪ್ ಮಾಡಿದ್ದು, ಎರಡನೇ ಪ್ರತಿವಾದಿಯ ವಿಳಾಸ ಮಾತ್ರ ಪೆನ್ನಿನಲ್ಲಿ ಬರೆದದ್ದು. ಟೈಪ್ ಮಾಡಿದ ಹಳೆಯ ವಿಳಾಸದ ಮೇಲೆ ಗೀಟು. ಹಾಳೆಯನ್ನು ಬೆಳಕಿಗೆ ಹಿಡಿದರೆ ಗೀಟಿನ ಅಡಿಯಲ್ಲಿ ಕಾಪು ಕಡೆಯ ಒಂದು ಬಾಡಿಗೆ ಮನೆಯ ವಿಳಾಸ ಓದಲಿಕ್ಕೆ ಆಗುತ್ತಿತ್ತು. ವಯಸ್ಸು 56 ಅಂತ ಇತ್ತು. ನನಗೆ 45. ಅದನ್ನು ಯಾರೂ ತಿದ್ದಿರಲಿಲ್ಲ.

ಆಗ ಕತೆ ಬಿಚ್ಚಿಕೊಂಡಿತು. ಮೊದಲ ಸಮನ್ಸ್ ಕಾಪುವಿಗೆ ಹೋಗಿ, ಮನೆ ಬಿಟ್ಟು ಹೋಗಿದ್ದಾರೆ ಅಂತ ವಾಪಸು ಬಂದಿದೆ. ಹೊಸ ವಿಳಾಸ ಕೊಡಿ ಅಂತ ಕೋರ್ಟು ಹೇಳಿದೆ. ಫೈನಾನ್ಸಿನ ಯಾರೋ ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿದ್ದಾರೆ (ಇದು ಅವರ ವಕೀಲರೇ ಆಮೇಲೆ ಹೇಳಿದ್ದು). ನನ್ನ ಹೆಸರು, ಅಪ್ಪನ ಹೆಸರು ಎರಡೂ ತಾಳೆಯಾಗಿದೆ. ವಯಸ್ಸಿನ ಕಾಲಂ ಅದರ ಪಕ್ಕದಲ್ಲೇ ಇರುತ್ತದೆ, ಅದನ್ನು ನೋಡುವಷ್ಟು ಪುರುಸೊತ್ತು ಇರಲಿಲ್ಲ ಅಂತ ಕಾಣುತ್ತದೆ. ತಂದೆ ತೀರಿಕೊಂಡಿದ್ದಾರಾ ಅಂತ ನೋಡುವ ಪುರುಸೊತ್ತಂತೂ ಇರಲಿಕ್ಕೆ ಸಾಧ್ಯವೇ ಇಲ್ಲ.

ಜೊತೆಗೆ ಸಾಲ ಕೊಡುತ್ತೇವೆ ಅಂತ ಬರೆದುಕೊಟ್ಟ ಪ್ರಾಮಿಸರಿ ನೋಟಿನ ಜೆರಾಕ್ಸ್ ಇತ್ತು. 2020ರ ಫೆಬ್ರವರಿ 17ರದ್ದು. ರೆವಿನ್ಯೂ ಸ್ಟ್ಯಾಂಪಿನ ಮೇಲೆ ಅಡ್ಡವಾಗಿ ಎರಡು ಸಹಿ. ಎರಡನೆಯದು ಕನ್ನಡದಲ್ಲಿ, ದುಂಡಗಿನ ಅಕ್ಷರ. ಕಾಪಿ ಬರೆಯುವ ಮಕ್ಕಳ ಹಾಗೆ ನಿಧಾನವಾಗಿ ಬರೆದದ್ದು. ಕೊನೆಯ ಅಕ್ಷರದ ಒತ್ತು ಸ್ಟ್ಯಾಂಪಿನಿಂದ ಹೊರಗೆ ಜಾರಿ ಕೆಳಗಿನ ಗೆರೆಗೆ ತಾಗಿತ್ತು. ನನ್ನ ಸಹಿ ಇಂಗ್ಲಿಷಿನ ಒಂದು ಅಕ್ಷರ, ಆಮೇಲೆ ಒಂದು ಹಾವು. ಅಪ್ಪ ಅದನ್ನು ನೋಡಿ, "ಇವನು ಯಾರೋ ಒಳ್ಳೆಯ ಮನುಷ್ಯ. ಅಕ್ಷರ ಚಂದ ಉಂಟು. ನಿನ್ನದು ಇಷ್ಟು ಚಂದ ಇದ್ದಿದ್ದರೆ ನಾನೇ ಅನುಮಾನಪಡುತ್ತಿದ್ದೆ" ಅಂದರು. ಮೇಷ್ಟ್ರ ಬುದ್ಧಿ.

ಆ ತಾರೀಕು ನೋಡಿ ಹೆಂಡತಿಗೇ ಹೊಳೆದದ್ದು. "ನೀವು ಆಗ ಬಹ್ರೇನಿನಲ್ಲಿ ಅಲ್ವಾ?"

ಹೌದಲ್ಲ! 2014ರಿಂದ 2021ರವರೆಗೆ ನಾನು ಅಲ್ಲಿದ್ದೆ. ಹಳೆಯ ಪಾಸ್‌ಪೋರ್ಟ್ ಗೋದ್ರೇಜಿನ ಕೆಳಗಿನ ಖಾನೆಯಲ್ಲಿ, ಮಗಳ ಜಾತಕದ ಜೊತೆ ಸಿಕ್ಕಿತು. 2019ರ ಅಕ್ಟೋಬರಿನಲ್ಲಿ ಮಂಗಳೂರು ಏರ್‌ಪೋರ್ಟಿನಿಂದ ಹೊರಟ ಮುದ್ರೆ. ಅದರ ನಂತರ ವಾಪಸು ಬಂದ ಮುದ್ರೆ 2021ರದ್ದು, ಕೊರೊನಾ ಕಾಲದ್ದು. ಮಧ್ಯೆ ಏನೂ ಇಲ್ಲ. ಆ ಎರಡು ವರ್ಷ ಊರಿಗೆ ಬರಲಿಕ್ಕೆ ಆಗದೆ ನಾನು ಅಲ್ಲಿ ಎಷ್ಟು ಅತ್ತಿದ್ದೇನೆ ಅಂತ ನನಗೆ ಗೊತ್ತು. ಅದು ಹೀಗೆ ಉಪಯೋಗಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು.

ನಾನು ಕುಣಿದಾಡಿದೆ. ಮೇಡಂ ಕುಣಿಯಲಿಲ್ಲ. ಪಾಸ್‌ಪೋರ್ಟ್ ಚೆನ್ನಾಗಿದೆ, ಆದರೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ನಮ್ಮ ಬರಹದ ಉತ್ತರ, ಮೊದಲು ಅಂದರು. ಸಮನ್ಸ್ ಸಿಕ್ಕಿದ ದಿನದಿಂದ ಮೂವತ್ತು ದಿನದೊಳಗೆ ಕೊಡಬೇಕು. ಕಾರಣ ತೋರಿಸಿದರೆ ಕೋರ್ಟು ತೊಂಬತ್ತು ದಿನದವರೆಗೆ ಬಿಡಬಹುದು, ಆದರೆ ಅದನ್ನು ನಂಬಿ ಕೂರಬಾರದು. "ಇದು ನಾನಲ್ಲ" ಅಂತ ಒಂದೇ ಸಾಲು ಬರೆದರೆ ಸಾಕಾಗುವುದಿಲ್ಲವಾ ಅಂತ ಕೇಳಿದೆ. ಸಾಕಾಗುವುದಿಲ್ಲ. ದಾವೆಯಲ್ಲಿ ಹೇಳಿದ ಒಂದೊಂದು ವಿಷಯವನ್ನೂ ಬಿಡಿಬಿಡಿಯಾಗಿ ಅಲ್ಲಗಳೆಯಬೇಕು. ಅಲ್ಲ ಅಂತ ಹೇಳದೆ ಬಿಟ್ಟದ್ದನ್ನು ಒಪ್ಪಿದ ಹಾಗೆ ಲೆಕ್ಕ ಹಿಡಿಯಬಹುದು. ಅದೇ ಸಿವಿಲ್ ಸಂಹಿತೆಯ 8ನೇ ಆದೇಶದ 5ನೇ ನಿಯಮ ಅದು. ಹಾಗಾಗಿ ಆ ಸಾಲ ನನಗೆ ಗೊತ್ತಿಲ್ಲ, ಒಂದನೇ ಪ್ರತಿವಾದಿಯ ಪರಿಚಯ ನನಗಿಲ್ಲ, ಆ ನೋಟಿಗೆ ನಾನು ಸಹಿ ಹಾಕಿಲ್ಲ, ಕಾಪುವಿನಲ್ಲಿ ನಾನು ಯಾವತ್ತೂ ಬಾಡಿಗೆಗೆ ಇರಲಿಲ್ಲ, ನನ್ನ ತಂದೆ ದಿವಂಗತರಲ್ಲ. ಕೊನೆಯದನ್ನು ಟೈಪ್ ಮಾಡುವಾಗ ಆಫೀಸಿನ ಹುಡುಗಿ ನಕ್ಕಳು. ಅಪ್ಪನ ಪೆನ್ಷನ್ ಪುಸ್ತಕದ ಜೆರಾಕ್ಸ್ ಲಗತ್ತು.

ಅದರ ಜೊತೆ ಒಂದು ಅರ್ಜಿ, 1ನೇ ಆದೇಶದ 10ನೇ ನಿಯಮದ ಕೆಳಗೆ. ತಪ್ಪಾಗಿ ಸೇರಿಸಿದವರ ಹೆಸರನ್ನು ಕೋರ್ಟು ಯಾವ ಹಂತದಲ್ಲಾದರೂ ತೆಗೆದುಹಾಕಬಹುದು ಅಂತ ಅದು ಹೇಳುತ್ತದೆ. ಆದರೆ ಇಂಥ ತಕರಾರನ್ನು ಆದಷ್ಟು ಬೇಗ ಎತ್ತಬೇಕು, ಬಿಟ್ಟು ಕೂತರೆ ಕೈಬಿಟ್ಟ ಹಾಗೆ. ಇಡೀ ದಾವೆ ಬಿದ್ದು ಹೋಗುತ್ತದಾ ಅಂತ ಆಸೆಯಿಂದ ಕೇಳಿದೆ. ಇಲ್ಲ, ತಪ್ಪು ಜನರನ್ನು ಸೇರಿಸಿದ ಕಾರಣಕ್ಕೆ ದಾವೆ ಬೀಳುವುದಿಲ್ಲ. ಅದು ಅದರ ಪಾಡಿಗೆ ಹೋಗುತ್ತದೆ, ನಾನು ಮಾತ್ರ ಇಳಿದುಕೊಳ್ಳುವುದು. ಮಾನನಷ್ಟದ ಹತ್ತು ಲಕ್ಷದ ಬಗ್ಗೆ ಕೇಳಿದಾಗ ಮೇಡಂ ಉತ್ತರವನ್ನೇ ಕೊಡಲಿಲ್ಲ. ಫೈಲಿಗೆ ದಾರ ಕಟ್ಟಿದರು.

ಫೆಬ್ರವರಿ 4, ಮಂಗಳವಾರ. ಅಂಗಡಿಗೆ ಬೀಗ ಹಾಕಿ ಎಂಟೂವರೆಯ ಬಸ್ಸು ಹತ್ತಿದೆ. ಕಿನ್ನಿಮೂಲ್ಕಿಯಲ್ಲಿ ಬಸ್ಸು ನಿಂತು ನಿಂತು ಹೋಗುವಾಗ ಹೊಟ್ಟೆಯಲ್ಲಿ ಎಂತದೋ ಸಂಕಟ. ತಪ್ಪು ಮಾಡದವನಿಗೂ ಕೋರ್ಟಿನ ಮೆಟ್ಟಿಲು ಹತ್ತುವಾಗ ತಪ್ಪು ಮಾಡಿದ ಹಾಗೇ ಅನ್ನಿಸುತ್ತದೆ. ಬಾಗಿಲ ಹತ್ತಿರ ಪರಿಚಯದವರು ಒಬ್ಬರು ಸಿಕ್ಕಿ, "ಎಂತ, ನೀವು ಇಲ್ಲಿ?" ಅಂದರು. ನಾನು ಪೂರ್ತಿ ಕತೆ ಹೇಳಿದೆ. ಅವರು ಕೇಳಿರಲಿಲ್ಲ ಅಷ್ಟು.

ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚು ಹಿಡಿದು ಕೂತೆ. ಒಂದೊಂದೇ ನಂಬರ್ ಕರೆಯುತ್ತಾ ಹೋದರು. ಹನ್ನೆರಡರ ಹೊತ್ತಿಗೆ ನಮ್ಮದು. ಅಟೆಂಡರ್ ಬಾಗಿಲಿಗೆ ಬಂದು ನನ್ನ ಹೆಸರನ್ನು ಎಳೆದು ಕೂಗಿದರು. ನಾನು ಎದ್ದೆ. ನನ್ನ ಎದುರಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಇನ್ನೊಬ್ಬರೂ ಗಡಬಡಿಸಿ ಎದ್ದರು. ಬಿಳಿ ಲುಂಗಿ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಇಬ್ಬರೂ ಮುಂದೆ ನಡೆದೆವು.

ಒಂದು ಕ್ಷಣ ನನಗೆ ಅವನೇ ಸಿಕ್ಕಿದ ಅನ್ನಿಸಿತು. ಚಂದದ ಅಕ್ಷರದವನು!

ಅಲ್ಲ. ಅವರದ್ದು ಹೆರ್ಗದ ಕಡೆಯ ಆಸ್ತಿ ಪಾಲಿನ ಕೇಸು, ಅವರು ವಾದಿ. ಹೆಸರು ಕೇಳಿ ಎದ್ದು ಬಂದಿದ್ದರು ಅಷ್ಟೇ. ನ್ಯಾಯಾಧೀಶರು ನಮ್ಮಿಬ್ಬರನ್ನೂ ನೋಡಿದರು. ಮೇಡಂ ಎದ್ದು, "ಸ್ವಾಮಿ, ನಮ್ಮ ವಾದವೇ ಇದು" ಅಂದರು. ಇಡೀ ಹಾಲು ನಕ್ಕಿತು, ಎದುರು ವಕೀಲರೂ ನಕ್ಕರು. ನಾನು ಮಾತ್ರ ನಗಲಿಲ್ಲ, ಬಾಯಿ ಒಣಗಿ ಹೋಗಿತ್ತು. ವಕಾಲತ್ತು, ಲಿಖಿತ ಹೇಳಿಕೆ, ಅರ್ಜಿ, ಮೂರೂ ಅದೇ ದಿನ ಕೊಟ್ಟಾಯಿತು. ಅರ್ಜಿಗೆ ತಕರಾರು ಸಲ್ಲಿಸಲು ಫೈನಾನ್ಸಿಗೆ ಒಂದು ತಿಂಗಳು.

ಆ ತಿಂಗಳಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಕ್ರೆಡಿಟ್ ರಿಪೋರ್ಟ್ ತೆಗೆದದ್ದು. ವರ್ಷಕ್ಕೆ ಒಂದು ಸಲ ಪುಕ್ಕಟೆ ಸಿಗುತ್ತದೆ. ನನ್ನ ಹೆಸರಲ್ಲಿ ಆ ಸಾಲ ಎಲ್ಲೂ ಇರಲಿಲ್ಲ. ಒಂದು ಹೊರೆ ಇಳಿಯಿತು.

ಮಾರ್ಚ್ 6ಕ್ಕೆ ಫೈನಾನ್ಸಿನವರು ತಕರಾರು ಹಾಕಿದರು. ನಾನು ಸಾಲದಿಂದ ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದೇನಂತೆ. ಅದನ್ನು ಓದಿ ಮೈ ಉರಿಯಿತು. ಆದರೆ ಆ ದಿನ ಬೇರೆ ಒಂದು ಸಂಗತಿ ನಡೆಯಿತು. ಒಂದನೇ ಪ್ರತಿವಾದಿ ಬಂದಿದ್ದ. ಮಲ್ಪೆ ಬಂದರಿನಿಂದ ಮೀನು ಸಾಗಿಸುವವನು, ಮೂವತ್ತೈದರ ಹುಡುಗ. ಅಂಗಿಯಲ್ಲಿ ಇನ್ನೂ ಮೀನಿನ ವಾಸನೆ. ಕೋರ್ಟಿನ ಜಗಲಿಯಲ್ಲಿ ಫೈನಾನ್ಸಿನ ಪ್ರತಿನಿಧಿಯೇ ನನ್ನನ್ನು ತೋರಿಸಿ, ನಿಮ್ಮ ಜಾಮೀನಿನವರು ಅಂತ ಅವನಿಗೆ ಹೇಳಿದರು. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಮೇರ್ ಅತ್ತ್" ಅಂದ. ಇವರಲ್ಲ.

ಅವನ ಜಾಮೀನು ಅವನ ಅಮ್ಮನ ಕಡೆಯ ಮಾವನಂತೆ. ಕೊರೊನಾದಲ್ಲಿ ಇಲ್ಲಿಯ ಕ್ಯಾಂಟೀನ್ ಮುಚ್ಚಿ ಹೋಗಿ, ಈಗ ಮುಂಬಯಿಯ ಕಡೆ ಒಂದು ಹೋಟೆಲಿನಲ್ಲಿ ಇದ್ದಾರಂತೆ. "ನಿಮಗೆ ಸುಮ್ನೆ ಉಪದ್ರ ಆಯ್ತು ಅಲ್ವಾ?" ಅಂದ. ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎರಡು ಸೀಸನ್ ಮೀನೇ ಆಗಲಿಲ್ಲ ಅಂದ, ಕಂತು ಕಟ್ಟಲಿಕ್ಕೆ ಆಗಲಿಲ್ಲ ಅಂದ. ಹೊರಗೆ ಹೋಗಿ ಇಬ್ಬರೂ ಶರಬತ್ತು ಕುಡಿದೆವು, ದುಡ್ಡು ಅವನೇ ಕೊಟ್ಟ.

ಓಡಿ ಬಂದು ಮೇಡಂಗೆ ಹೇಳಿದೆ, ಕೇಸು ಮುಗಿಯಿತಲ್ವಾ ಅಂತ. ಜಗಲಿಯ ಮಾತು ಒಳಗೆ ಬರುವುದಿಲ್ಲ ಅಣ್ಣ ಅಂದರು. ಅವನು ಬರೆದು ಕೊಡಬೇಕು, ಅವನಿಗೆ ಇನ್ನೂ ವಕೀಲರೇ ಇಲ್ಲ. ಅದರ ಬದಲು ಮೇಡಂ ಬೇರೆ ದಾರಿ ಹಿಡಿದರು. ಜಾಮೀನು ಹಾಕಿಸಿಕೊಳ್ಳುವಾಗ ತೆಗೆದುಕೊಂಡ ಗುರುತಿನ ದಾಖಲೆಗಳನ್ನು ಹಾಜರುಪಡಿಸಿ ಅಂತ ಫೈನಾನ್ಸಿಗೆ ನೋಟೀಸು ಕೊಟ್ಟರು. ದಾವೆಯ ಜೊತೆ ಅದನ್ನು ಅವರು ಹಾಕಿಯೇ ಇರಲಿಲ್ಲ.

ಏಪ್ರಿಲ್ 3ಕ್ಕೆ ಬಂತು, ಎರಡು ಹಾಳೆ. ವೋಟರ್ ಐಡಿಯ ಜೆರಾಕ್ಸ್, ಪ್ಯಾನ್ ಕಾರ್ಡಿನ ಜೆರಾಕ್ಸ್. ಜೆರಾಕ್ಸಿನ ಜೆರಾಕ್ಸ್ ಅಂತ ಕಾಣುತ್ತದೆ, ಫೋಟೊದ ಜಾಗದಲ್ಲಿ ಒಂದು ಕಪ್ಪು ಕುಂಬಳಕಾಯಿ. ಎರಡು ಕಿವಿ ಮಾತ್ರ ಸ್ಪಷ್ಟ. ನ್ಯಾಯಾಧೀಶರು ನನ್ನನ್ನು ಮುಂದೆ ಕರೆದು, ಹಾಳೆಯನ್ನೂ ನನ್ನನ್ನೂ ಎರಡು ಸಲ ನೋಡಿದರು.

"ಇದು ನೀವಾ?"

"ಅಲ್ಲ ಸ್ವಾಮಿ."

"ಇದರಲ್ಲಿ ಯಾರು ಬೇಕಾದರೂ ಆಗಬಹುದು" ಅಂದರು.

ಆದರೆ ಪ್ಯಾನ್ ನಂಬರ್ ಕಾಣುತ್ತಿತ್ತು. ಹತ್ತು ಅಕ್ಷರ. ನನ್ನ ಕಾರ್ಡನ್ನು ಅದರ ಪಕ್ಕದಲ್ಲಿಟ್ಟರು. ಹುಟ್ಟಿದ ವರ್ಷ ಅವರದ್ದು 1968, ನನ್ನದು 1979. ಎದುರು ವಕೀಲರು ಎರಡನ್ನೂ ನೋಡಿ, ತಮ್ಮ ಕಕ್ಷಿದಾರರ ಪ್ರತಿನಿಧಿಯ ಕಡೆ ತಿರುಗಿ ಒಂದು ನೋಟ ಬೀರಿದರಲ್ಲ, ಅದನ್ನು ನೋಡಲಿಕ್ಕೆ ನಾನು ಇನ್ನೊಂದು ದಿನ ಅಂಗಡಿ ಮುಚ್ಚಲಿಕ್ಕೂ ತಯಾರು. ಸೂಚನೆ ಪಡೆದು ಹೇಳುತ್ತೇನೆ ಅಂತ ಸಮಯ ಕೇಳಿದರು. ನಡುವೆ ಬೇಸಿಗೆ ರಜೆ ಬಂತು.

ಜೂನ್ 12ಕ್ಕೆ ಹೋಗುವಾಗ ಜೋರು ಮಳೆ. ಫೈಲನ್ನು ಅಂಗಿಯ ಒಳಗೆ ಹಾಕಿಕೊಂಡು ಹೋದೆ. ಕೆಲಸ ಮಾತ್ರ ಎರಡು ನಿಮಿಷದಲ್ಲಿ ಮುಗಿಯಿತು. ವಿಳಾಸ ತಪ್ಪಾಗಿ ಕೊಟ್ಟಿದ್ದೇವೆ, ಹಾಜರಾಗಿರುವ ವ್ಯಕ್ತಿ ಜಾಮೀನುದಾರ ಅಲ್ಲ ಅಂತ ಅವರೇ ಮೆಮೊ ಕೊಟ್ಟರು. ಅದನ್ನು ದಾಖಲಿಸಿ ನನ್ನನ್ನು ಬಿಟ್ಟರು. ನಿಜವಾದ ಎರಡನೇ ಪ್ರತಿವಾದಿಗೆ ಹೊಸ ವಿಳಾಸದಲ್ಲಿ ಸಮನ್ಸ್ ಮಾಡಲು ಆದೇಶ. ಕ್ಷಮೆ ಯಾರೂ ಕೇಳಲಿಲ್ಲ. ಪ್ರತಿನಿಧಿ ಛತ್ರಿ ಬಿಡಿಸಿಕೊಂಡು ಹೋದರು.

ವಕೀಲರ ಫೀಸು ಹದಿನೈದು ಸಾವಿರ, ಅದೂ ಅಣ್ಣನ ದೋಸ್ತಿ ಅಂತ ಕಡಿಮೆ ಮಾಡಿ. ಜೆರಾಕ್ಸು, ಟೈಪಿಂಗು, ಬಸ್ಸು. ನಾಲ್ಕು ದಿನ ಅಂಗಡಿ ಬಂದ್. ಖರ್ಚು ಕೇಳಬಹುದಲ್ವಾ ಅಂದೆ. ಗೊತ್ತಿದ್ದೂ ಸುಳ್ಳು ದಾವೆ ಹಾಕಿದರೆ ಪರಿಹಾರ ಕೊಡಿಸಲಿಕ್ಕೆ ಸಿವಿಲ್ ಸಂಹಿತೆಯ 35ಎ ಕಲಂ ಉಂಟು, ಆದರೆ ಅದರಲ್ಲಿ ಹೆಚ್ಚೆಂದರೆ ಮೂರು ಸಾವಿರ ರೂಪಾಯಿ. ಇದನ್ನು ಗೊತ್ತಿದ್ದೂ ಮಾಡಿದ್ದು ಅಂತ ಸಾಬೀತು ಮಾಡಲಿಕ್ಕೆ ಇನ್ನೂ ಆರು ವಾಯಿದೆ. ಬೇಡ ಅಂದೆ. ಅಪ್ಪನಿಗೆ ಮಾತ್ರ ಸಮಾಧಾನ ಆಗಲಿಲ್ಲ. "ನಾನು ಬದುಕಿದ್ದೇನೆ ಅಂತ ಆರ್ಡರಿನಲ್ಲಿ ಬಂದಿದೆಯಾ?" ಅಂತ ಕೇಳಿದರು. ಬಂದಿರಲಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆಗಸ್ಟಿನಲ್ಲಿ ಅಂಗಡಿಗೆ ಓವರ್‌ಡ್ರಾಫ್ಟ್ ಬೇಕು ಅಂತ ಬ್ಯಾಂಕಿಗೆ ಅರ್ಜಿ ಹಾಕಿದೆ. ಅವರ ವಕೀಲರು ಇ-ಕೋರ್ಟ್ಸ್ ಆ್ಯಪಿನಲ್ಲಿ ನನ್ನ ಹೆಸರು ಹಾಕಿ ಹುಡುಕಿದ್ದಾರೆ. ಬಂದಿದೆ. ಇಂಥ ಫೈನಾನ್ಸ್ ವಿರುದ್ಧ ಇಂಥವರು, ವಸೂಲಿ ದಾ‌ವೆ, ವಿಚಾರಣೆ ಬಾಕಿ. ಬಾರದೆ ಇರುತ್ತದಾ? ಕೋರ್ಟು ತೆಗೆದದ್ದು ನನ್ನನ್ನು, ಹೆಸರನ್ನಲ್ಲ. ಆ ಹೆಸರು ಮುಂಬಯಿಯಲ್ಲಿರುವ ಆ ಮನುಷ್ಯನದ್ದೂ ಹೌದಲ್ಲ. ಕೇಸು ಮುಗಿಯುವವರೆಗೆ ಅದು ಅಲ್ಲೇ ಇರುತ್ತದೆ.

ಮ್ಯಾನೇಜರ್ ಮೇಡಂ ಮುಂದೆ ಆರ್ಡರಿನ ದೃಢೀಕೃತ ನಕಲು ಇಟ್ಟೆ. ನಿಧಾನವಾಗಿ ಓದಿದರು.

"ಅಂದ್ರೆ ಇದು ನೀವಲ್ಲ."

"ನಾನಲ್ಲ."

"ಸರಿ, ಇದರದ್ದೊಂದು ಜೆರಾಕ್ಸ್ ಕೊಡಿ. ಕೆಳಗೆ ನಿಮ್ಮ ಹೆಸರು ಬರೆದು ಸಹಿ ಹಾಕಿ."

ಆರು ಪ್ರತಿ ಮಾಡಿಸಿಟ್ಟಿದ್ದೆ. ಈಗ ನಾಲ್ಕು ಉಳಿದಿದೆ.